ಹನ್ನೆರಡು ಬಾಟಲಿ ಬಂಗಾರದ ಮಳೆ

ಸೀಸದ ಪಾಠ ಬಂತೆಂದರೆ ವತ್ಸಲಾಬಾಯಿಯ ದನಿಯೇ ಬದಲಾಗುತ್ತಿತ್ತು. ಅಫಜಲಪುರದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ವಿಜ್ಞಾನ ಕಲಿಸುತ್ತಿದ್ದ ಅವರು ಉಳಿದ ಪಾಠಗಳನ್ನು ಮೊರದಲ್ಲಿ ತೊಗರಿ ಹಸನು ಮಾಡಿದಂತೆ ಶಿಸ್ತಾಗಿ, ಒಂದು ಕಲ್ಲೂ ಬಿಡದಂತೆ ಮುಗಿಸುತ್ತಿದ್ದರು. ಆದರೆ ಈ ಪಾಠದಲ್ಲಿ ಒಂದು ಪುಟ ಬಂದಾಗ ಪುಸ್ತಕ ಮುಚ್ಚಿಟ್ಟು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಮೇಲೆತ್ತಿ ನಿಲ್ಲುತ್ತಿದ್ದರು.

"ಸೀಸದ ನೈಟ್ರೇಟ್ ನೀರಾಗ ಕರಗಿಸಿದ್ರ ನೀರಿನಂಗೇ ಕಾಣ್ತದ. ಪೊಟ್ಯಾಸಿಯಂ ಅಯೊಡೈಡ್ ಕರಗಿಸಿದ್ರ ಅದೂ ನೀರಿನಂಗೇ. ಎರಡೂ ಕೂಡಿಸಿದ್ರಿ ಅಂದ್ರ, ಅರಿಶಿಣ! ಸೀಸದ ಅಯೊಡೈಡ್ ಹುಟ್ಟತದ. ಅದನ್ನ ಕುದಿಸ್ರಿ, ಅರಿಶಿಣ ಮಾಯ. ಹಂಗೇ ಆರಾಕ ಬಿಡ್ರಿ..." ಇಲ್ಲಿ ಹತ್ತೂ ಬೆರಳು ಮಿಡುಕುತ್ತ ಮೆಲ್ಲಗೆ ಕೆಳಗಿಳಿಯುತ್ತಿದ್ದವು. "ಬಂಗಾರದ ಮಳಿ!"

ಹುಡುಗಿಯರು ಪ್ರತಿವರ್ಷ ಬಾಯಿ ತೆರೆದು ಆ ಬೆರಳುಗಳನ್ನೇ ನೋಡುತ್ತಿದ್ದರು. ಸಾವಿರದ ಒಂಬೈನೂರ ಎಂಬತ್ತೇಳರ ಡಿಸೆಂಬರಿನಲ್ಲಿ ಮಾತ್ರ ಘತ್ತರಗಿಯಿಂದ ಬರುತ್ತಿದ್ದ ಭಾಗ್ಯವಂತಿ ಎಂಬ ಹುಡುಗಿ ಎದ್ದು ನಿಂತು, ಯಾವ ಕುಚೇಷ್ಟೆಯೂ ಇಲ್ಲದೆ ಕೇಳಿದಳು.

"ಹ್ಯಾಂಗ ಬೀಳತದ್ರಿ ಬಾಯಾರ? ಜೋರ ಬೀಳತದೋ, ಜಿಟಿಜಿಟಿ ಬೀಳತದೋ? ನೀವು ನೋಡೀರಲ್ರಿ?"

ವತ್ಸಲಾಬಾಯಿಯ ಬೆರಳುಗಳು ಅರ್ಧಕ್ಕೇ ನಿಂತವು. ಹೂಂ ಎನ್ನಲು ಬಾಯಿ ತೆರೆದವರಿಗೆ ಅದೇಕೋ ಹೂಂ ಬರಲಿಲ್ಲ.

"ಇಲ್ಲವಾ. ನಾನೂ ನೋಡಿಲ್ಲ" ಅಂದುಬಿಟ್ಟರು.

ಅದು ನಿಜವೇ ಆಗಿತ್ತು. ಗುಲಬರ್ಗಾದ ಕಾಲೇಜಿನಲ್ಲಿ ಬಿ.ಎಸ್ಸಿ. ಓದುವಾಗ ಪ್ರಯೋಗಶಾಲೆಯಲ್ಲಿ ಬಂಗಾರದ ಮಳೆ ಸುರಿದ ದಿನವೇ ಅವರಪ್ಪ ಅವರನ್ನು ಆಳಂದಕ್ಕೆ ಕರೆದೊಯ್ದಿದ್ದರು. ಅಲ್ಲಿ ನರಸಿಂಹರಾಯ ಎಂಬ ಗಂಡು ಕನ್ಯೆ ನೋಡಲು ಕುಳಿತಿದ್ದ. ಎರಡು ತಾಟು ಚುರುಮುರಿ ಸುಸಲಾ ತಿಂದು ಒಪ್ಪಿಗೆ ಹೇಳಿದ. ಮರಳಿ ಕಾಲೇಜಿಗೆ ಹೋದರೆ ಗೆಳತಿಯರೆಲ್ಲ ಒಂದು ವಾರ ಅದೇ ಮಳೆಯ ಮಾತು ಆಡುತ್ತಿದ್ದರು. ಆಮೇಲೆ ಮದುವೆ, ನೌಕರಿ, ಸಂಸಾರ. ಶಾಲೆಯ ಕಪಾಟಿನಲ್ಲಿ ಇದ್ದದ್ದು ಒಂದು ಅಯಸ್ಕಾಂತ, ಬಾಯಿ ಒಡೆದ ಲಾಳಿಕೆ, ಅರ್ಧ ಬಾಟಲಿ ಮೈಲುತುತ್ತ ಮತ್ತು ಒಂದು ಜೊತೆ ಜಿರಲೆ.

ಮನೆಗೆ ಬಂದವರೇ ಚಪ್ಪಲಿ ಬಿಡುತ್ತ ಗಂಡನಿಗೆ ಹೇಳಿದರು.

"ನಿಮ್ಮ ಸುಸಲಾದ ಸಲುವಾಗಿ ನಾ ಇವತ್ತ ಹುಡುಗ್ಯಾರ ಮುಂದ ತಲಿ ತಗ್ಗಸಬೇಕಾತು."

ನರಸಿಂಹರಾಯ ಈಗ ಅಫಜಲಪುರದ ಬಸ್‌ಸ್ಟ್ಯಾಂಡಿನಲ್ಲಿ ಕಂಟ್ರೋಲರ್. ಕಿಟಕಿಯ ಹಿಂದೆ ಕೂತು ಬಸ್ಸು ಬಂದ ಹೊತ್ತು, ಹೋದ ಹೊತ್ತು ಬರೆಯುವುದು, ಮೈಕಿನಲ್ಲಿ ಊರುಗಳ ಹೆಸರು ಕೂಗುವುದು ಅವರ ಕೆಲಸ. ಹೆಂಡತಿಯ ಮಾತನ್ನೆಲ್ಲ ಕೇಳಿ, ಮೀಸೆ ಒರೆಸಿಕೊಂಡು, ಬಹಳ ಗಂಭೀರವಾಗಿ ಅಂದರು.

"ಏನೇನು ಬೇಕು ಬರದು ಕೊಡು. ಬಸ್ಸಿನ್ಯಾಗ ಬರಲಾರದ ಸಾಮಾನು ಯಾವುದದ?"

ವತ್ಸಲಾಬಾಯಿ ನಕ್ಕರು. ಆಮೇಲೆ ನಗು ನಿಲ್ಲಿಸಿ ಗಂಡನ ಮುಖ ನೋಡಿದರು. ಆಮೇಲೆ ಓಡಿಹೋಗಿ ಹಳೆಯ ಕಾಲೇಜು ಪುಸ್ತಕ ತೆಗೆದು, ಕೂತಲ್ಲೇ ಓದತೊಡಗಿದರು. ಅಂದು ಅನ್ನ ತಳ ಹತ್ತಿತು.

ಸೀಸದ ನೈಟ್ರೇಟ್ ಕೊಳ್ಳಲು ಸಿಗದಿದ್ದರೂ ಮಾಡಿಕೊಳ್ಳಲು ಬರುತ್ತಿತ್ತು. ಸೀಸದ ಆಕ್ಸೈಡನ್ನು ನೈಟ್ರಿಕ್ ಆಮ್ಲದಲ್ಲಿ ಕರಗಿಸಿದರೆ ಸಾಕು. ಆ ಆಕ್ಸೈಡೆಂದರೆ ಗಿಡಮೂಲಿಕೆ ಮಾರುವ ಅತ್ತಾರರ ಅಂಗಡಿಯಲ್ಲಿ ಹುಣ್ಣಿನ ಮುಲಾಮಿಗೆಂದು ಕೊಡುವ ಮುರ್ದಾಸಂಗ. ನರಸಿಂಹರಾಯ ಆಳಂದದ ಕಂಡಕ್ಟರನ ಕೈಗೆ ಒಂದು ಚೀಟಿ ಕೊಟ್ಟರು. ಮೂರನೇ ದಿನಕ್ಕೆ ಆಳಂದದ ಅತ್ತಾರ ಲಾಡ್ಲೆಸಾಬರ ಅಂಗಡಿಯಿಂದ, ಉರ್ದು ಪತ್ರಿಕೆಯಲ್ಲಿ ಸುತ್ತಿದ ಮಾಸಲು ಹಳದಿ ಚಕ್ಕೆಗಳ ಪೊಟ್ಟಣ ಬಸ್ಸಿನಿಂದ ಇಳಿಯಿತು. ಊರಿನ ಅಕ್ಕಸಾಲಿ ಚಂದ್ರಾಮಪ್ಪ ನೈಟ್ರಿಕ್ ಆಮ್ಲ ಕೊಟ್ಟ. ಅವನ ಬಾಯಲ್ಲಿ ಅದು ತೇಜಾಬ.

"ಇದರಾಗ ನಾವು ಬಂಗಾರದ ಕೊಳಿ ತೆಗೀತೇವ್ರಿ ಬಾಯಾರ" ಎಂದ ಅವನು ಗಾಜಿನ ಬಿರಡೆ ಬಿಗಿಮಾಡುತ್ತ. "ನೀವೇನು ಮಾಡ್ತೀರಿ?"

"ಬಂಗಾರದ ಮಳಿ" ಎಂದು ಹೇಳಿ ವತ್ಸಲಾಬಾಯಿ ಹೊರಟುಬಂದರು. ಹಿಂದೆ ಚಂದ್ರಾಮಪ್ಪನ ಊದುಗೊಳವೆ ಕೆಳಗೆ ಬಿದ್ದ ಸದ್ದಾಯಿತು.

ಪೊಟ್ಯಾಸಿಯಂ ಅಯೊಡೈಡ್ ಸಿಕ್ಕಿದ್ದು ದನದ ದವಾಖಾನೆಯಲ್ಲಿ. ಎತ್ತಿನ ನಾಲಿಗೆ ಬಾತು ಕಟ್ಟಿಗೆಯಂತಾದರೆ ಕುಡಿಸುವ ಔಷಧಿ ಅದು. "ಯಾರ ನಾಲಿಗಿ ಬಾತದ್ರಿ?" ಎಂದು ಡಾಕ್ಟರು ಕೇಳಿದ್ದಕ್ಕೆ ನರಸಿಂಹರಾಯ, "ನಮ್ಮನಿಯಾಗ ಯಾರ ನಾಲಿಗೀನೂ ಸುಮ್ಮ ಕುಂಡ್ರೂದಿಲ್ರಿ, ಬಾವು ಬರೂ ಮಾತ ದೂರ" ಎಂದರಂತೆ.

ಶಾಲೆಯ ಹಿಂದಿನ ಪಡಸಾಲೆಯಲ್ಲಿ ವತ್ಸಲಾಬಾಯಿ ಸ್ಟೋವ್ ಹಚ್ಚಿದರು. ಜೊತೆಗೆ ಶಾಲೆಯ ಆಯಾ ಹುಸೇನಬೀ. ಐವತ್ತು ದಾಟಿದ ಗಟ್ಟಿ ಹೆಂಗಸು, ಯಾವುದಕ್ಕೂ ಅಂಜುವವಳಲ್ಲ. ಆಮ್ಲದ ಬಿರಡೆ ತೆಗೆದಾಗ ಮಾತ್ರ ಮೂಗಿಗೆ ಸೆರಗು ಒತ್ತಿಕೊಂಡು ಮೂರು ಮಾರು ಹಿಂದೆ ಸರಿದಳು. ಬಿಸಿ ಆಮ್ಲದಲ್ಲಿ ಹಳದಿ ಚಕ್ಕೆಗಳು ಕರಗಿದವು. ನೀರು ಬತ್ತಿದ ಮೇಲೆ ಪಿಂಗಾಣಿ ಬಟ್ಟಲಿನ ತಳದಲ್ಲಿ ಬಿಳಿ ಹರಳುಗಳು ಸಕ್ಕರೆಯಂತೆ ಕೂತವು.

"ಬಾಯಿಗೆ ಹಾಕೊಂಡೀಯ ಹುಸೇನಬೀ! ಇದು ಜಹರು. ಸೀಸ ಹೊಟ್ಟಿಗೆ ಹೋದ್ರ ಸಾವಕಾಶ ಮನಷ್ಯಾನ್ನ ತಿಂತದ. ಕೈ ತೊಳಕೋ. ಮತ್ತೊಮ್ಮೆ ತೊಳಕೋ."

"ಇಂಥಾ ಚೆಂದ ಇದ್ದದ್ದೆಲ್ಲಾ ಜಹರೇ ಯಾಕ ಇರತದ್ರಿ ಬಾಯಾರ?" ಎಂದಳು ಹುಸೇನಬೀ ಕೈ ಉಜ್ಜಿಕೊಳ್ಳುತ್ತ.

ಅಷ್ಟರವರೆಗೆ ಎಲ್ಲ ಸುಸೂತ್ರವಾಗಿತ್ತು. ಒಂದು ಚಿಟಿಕೆ ಹರಳನ್ನು ಶಾಲೆಯ ಬಾವಿಯ ನೀರಿಗೆ ಹಾಕಿ ಕಲಕಿದರು. ನೀರು ತಿಳಿಯಾಗಿ ಉಳಿಯುವ ಬದಲು ಬೆಳ್ಳಗೆ, ಮಜ್ಜಿಗೆಯಂತೆ ಒಡೆದುಕೊಂಡಿತು.

"ಹಾಲಾತಲ್ರೀ!" ಹುಸೇನಬೀ ಚಪ್ಪಾಳೆ ತಟ್ಟಿದಳು. "ಹಾಲ ಏನ ಕಡಿಮ್ಯೇನ್ರಿ?"

ವತ್ಸಲಾಬಾಯಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅಫಜಲಪುರದ ಬಾವಿನೀರು ಸವಳು. ಬೇಳೆಯನ್ನೂ ಬೇಯಗೊಡದ, ಸೋಪಿನ ನೊರೆಯನ್ನೂ ಏಳಗೊಡದ ಆ ಉಪ್ಪು ಸುಣ್ಣಗಳೆಲ್ಲ ಸೀಸವನ್ನು ಹಿಡಿದು ಬಿಳಿ ಪುಡಿ ಮಾಡಿ ಕೆಡವುತ್ತಿದ್ದವು. ಬಟ್ಟಿ ಇಳಿಸಿದ ನೀರೇ ಬೇಕು. ಅದು ಯಾರ ಹತ್ತಿರ ಇರುತ್ತದೆ?

"ಬ್ಯಾಟರಿ ಅಂಗಡ್ಯಾಗ" ಎಂದರು ನರಸಿಂಹರಾಯ, ಪ್ರಶ್ನೆ ಮುಗಿಯುವ ಮೊದಲೇ. "ಜೇವರ್ಗಿ ಇಮಾಮಸಾಬ. ನಮ್ಮ ಬಸ್ಸಿನ ಬ್ಯಾಟರಿ ಎಲ್ಲಾ ಅಂವನ ಕೈಯಾಗೇ ಜೀವ ಹಿಡದಾವ."

ಈ ಸಲ ಚೀಟಿ ಕಳಿಸದೆ, ಭಾನುವಾರ ವತ್ಸಲಾಬಾಯಿಯೇ ಜೇವರ್ಗಿಯ ಬಸ್ಸು ಹತ್ತಿದರು.

ಇಮಾಮಸಾಬರ ಅಂಗಡಿ ಬಸ್‌ಸ್ಟ್ಯಾಂಡಿಗೆ ಹತ್ತಿದಂತೆಯೇ ಇತ್ತು. ಹಾಗಲಬಳ್ಳಿಯಂತೆ ಸಣಕಲು ಮನುಷ್ಯ, ಆಮ್ಲ ಸಿಡಿದು ತೂತುಬಿದ್ದ ಅಂಗಿ. ಟೀಚರು ಕೇಳಿದ್ದು ನೀರು ಮಾತ್ರ. ಆದರೆ ಸೀಸದ ಬಗ್ಗೆ ತಿಳಿಯುವವರೊಬ್ಬರು ತನ್ನ ಅಂಗಡಿಗೆ ಬಂದದ್ದೇ ಅವರಿಗೆ ಹಬ್ಬವಾಯಿತು. ಬಿಚ್ಚಿಟ್ಟಿದ್ದ ಟ್ರ್ಯಾಕ್ಟರ್ ಬ್ಯಾಟರಿಯಿಂದ ಪ್ಲೇಟುಗಳನ್ನು ಎಳೆದೆಳೆದು ತೋರಿಸಿದರು.

"ಈ ಕಂದು ಪ್ಲೇಟ ನೋಡ್ರಿ ಮೇಡಂ, ಇದೂ ಸೀಸಾನೇ. ಈ ಬೂದಿ ಬಣ್ಣದ್ದೂ ಸೀಸಾನೇ. ಕಂಪನಿಯಾಗ ನಿಮ್ಮ ಮುರ್ದಾಸಂಗ, ಕೆಂಪ ಶೇಂದೂರ ಎರಡೂ ಆಮ್ಲದಾಗ ಕಲಸಿ, ರೊಟ್ಟಿ ಹಿಟ್ಟಿನಂಗ ನಾದಿ ಜಾಳಗಿಗೆ ಮೆತ್ತತಾರ. ಕರೆಂಟ ಕೊಟ್ರ ಒಂದು ಕಂದ ಆಗತದ, ಒಂದು ಬೂದಿ ಆಗತದ. ಗಾಡಿ ಚಾಲೂ ಮಾಡಿದ್ರ ಎರಡೂ ಬೆಳ್ಳಗ ಆಗಾಕ ಸುರು. ಮತ್ತ ಚಾರ್ಜ ಮಾಡ್ರಿ, ಮತ್ತ ತಮ್ಮ ತಮ್ಮ ಬಣ್ಣಕ್ಕ ಬರತಾವ! ಮೂವತ್ತು ವರ್ಷ ಆತು, ನನಗ ಇನ್ನೂ ಬ್ಯಾಸರ ಬಂದಿಲ್ಲ."

"ಅಂದ್ರ ನೀವೂ ದಿನಾ ಬಣ್ಣದ ಆಟಾ ಆಡೋರೇ!" ಎಂದು ವತ್ಸಲಾಬಾಯಿ ನಕ್ಕರು.

"ಸೀಸದ ಗುಣಾನೇ ಹಂಗದ ಮೇಡಂ. ಯಾರ ಜೋಡಿ ಕೂಡತದ, ಆ ಬಣ್ಣದ ಅಂಗಿ ಹಾಕೋತದ."

ಸಂಬಂಧಿಕರ ಸುದ್ದಿ ಹೇಳುವವರಂತೆ ಇಬ್ಬರೂ ನಿಂತೇ ಮಾತಾಡಿದರು. ಗುಲಬರ್ಗಾ ರಸ್ತೆಯ ಬೋರ್ಡಿನ ಹಳದಿ ಬಣ್ಣ ಸೀಸದ ನೈಟ್ರೇಟಿನಿಂದಲೇ ಹುಟ್ಟಿದ್ದು ಎಂದು ವತ್ಸಲಾಬಾಯಿ ಹೇಳಿದರೆ, ನಳದ ಬೆಸುಗೆಗೆ ಸೆಣಬಿನ ಜೊತೆ ಮೆತ್ತುವ ಸಫೇದಾ ಇದರದೇ ತಂಗಿ ಎಂದು ಇಮಾಮಸಾಬ ಹೇಳಿದರು. ಬಟ್ಟೆಗೆ ಬಣ್ಣ ಹಿಡಿಸುವ ಕಾರಖಾನೆಯಲ್ಲಿ, ಕಡ್ಡಿಪೆಟ್ಟಿಗೆಯಲ್ಲಿ, ಭಾರದ ಗಾಜಿನಲ್ಲಿ, ಎಲ್ಲೆಲ್ಲೂ ಇದರದೇ ಕೈವಾಡ. ಮಾತು ಮುಗಿಸಿ ಹೊರಟಾಗ ವತ್ಸಲಾಬಾಯಿಗೆ ಇಡೀ ಜೇವರ್ಗಿಯೇ ಗುರುತಿನವರ ಮನೆಯಂತೆ ಕಂಡಿತು. ಕಬ್ಬಿಣದ ಗೇಟಿಗೆ ಬಳಿದ ಶೇಂದೂರದ ಕೆಂಪು ನೋಡಿ "ಓಹೋ, ನೀನೂ ಇಲ್ಲೇ ಇದ್ದಿ?" ಎಂದು ಗಟ್ಟಿಯಾಗಿಯೇ ಅಂದುಬಿಟ್ಟರು. ಪಕ್ಕದಲ್ಲಿದ್ದ ಅಜ್ಜನೊಬ್ಬ "ಎಲ್ಲಿಗಿ ಹೋಗ್ಲವಾ ನಾ, ಇಲ್ಲೇ ಇರತೇನಿ" ಎಂದ.

ಬಸ್ಸಿಗೆ ಎರಡು ಕ್ಯಾನು ನೀರನ್ನು ಇಮಾಮಸಾಬರೇ ಹೊತ್ತು ತಂದು ಏರಿಸಿದರು. "ಶನಿವಾರ ಮುಂಜಾನಿ ಮಾಡ್ತೀರಿ ಅಂದ್ರೆಲ್ಲ, ನಾನೂ ಬರ್ತೇನಿ ಮೇಡಂ" ಎಂದರು.

ಬರುವವರು ಅವರೊಬ್ಬರೇ ಎಂದು ವತ್ಸಲಾಬಾಯಿ ತಿಳಿದಿದ್ದರು.

ಶನಿವಾರ ಬೆಳಗಿನ ಶಾಲೆ. ಎಂಟು ಗಂಟೆಗೆ ಗೇಟು ದಾಟಿದರೆ ಒಳಗೆ ಕಾಲಿಡಲು ಜಾಗವಿಲ್ಲ. ಮಣ್ಣೂರಿನವರು, ಕರಜಗಿಯವರು, ಘತ್ತರಗಿಯವರು, ರುಮಾಲಿನವರು, ಟೋಪಿಯವರು, ಇಳಕಲ್ ಸೀರೆಯವರು, ಬುರ್ಖಾದವರು, ಕಂಪೌಂಡಿನ ಮೇಲೆ ಸಾಲಾಗಿ ಕೂತವರು. ಬಸ್ಸುಗಳು ಇನ್ನೂ ಮಂದಿಯನ್ನು ಇಳಿಸುತ್ತಲೇ ಇದ್ದವು. ಹೆಡ್‌ಬಾಯಿಯವರು ಮೀಟಿಂಗಿಗೆಂದು ಗುಲಬರ್ಗಾಕ್ಕೆ ಹೋಗಿದ್ದು ಒಂದು ಪುಣ್ಯ.

"ಏನ್ರೀ ಇದು?" ಎಂದು ವತ್ಸಲಾಬಾಯಿ ಗಂಡನ ತೋಳು ಹಿಡಿದರು.

ನರಸಿಂಹರಾಯ ಕಿವಿ ತುರಿಸಿಕೊಂಡರು. "ಆಳಂದದ ಚೀಟಿ ಅದಲ್ಲ, ಅದರಾಗ ಒಂದು ಸಾಲು ಬರದಿದ್ದೆ. ಮುರ್ದಾಸಂಗ ಕೊಡ್ರಿ, ಬಂಗಾರದ ಮಳಿಗೆ ಬೇಕಾಗೇದ, ಅರ್ಜೆಂಟ್ ಅಂತ. ಕಂಡಕ್ಟರ ಓದ್ಯಾನ. ಶನಿವಾರ ಅನ್ನೂದು ಜೇವರ್ಗಿ ಬಸ್ಸಿನ್ಯಾಗ ತಿಳದದ. ಒಬ್ಬ ಕಂಡಕ್ಟರ ಓದಿದ್ರ ಡಿಪೋ ಓದಿದಂಗ."

ಎದುರಿಗೆ ಜೀಪು ಬಂದು ನಿಂತಿತು. ಕರಜಗಿಯ ದೌಲತರಾಯರು ಇಳಿದರು. ಕಬ್ಬಿನ ಹೊಲಗಳ ಧಣಿ, ಅಡಿಕೆ ಹೋಳಿನಂಥ ಮೀಸೆ, ಗಡಸು ದನಿ. ಹಿಂದೆ ಆಳು ದೊಡ್ಡದೊಂದು ಹಿತ್ತಾಳೆ ಕೊಪ್ಪರಿಗೆ ಹೊತ್ತು ಬಂದ.

"ಇದನ್ನ ಎಲ್ಲಿ ಇಡಬೇಕ್ರಿ ಬಾಯಾರ?" ಎಂದರು ದೌಲತರಾಯರು. "ಮಳಿ ಬಿದ್ದದ್ದು ಮಣ್ಣಾಗ ಹೋಗಬಾರದು ನೋಡ್ರಿ."

ವತ್ಸಲಾಬಾಯಿ ಕೊಪ್ಪರಿಗೆಯನ್ನೂ ತಮ್ಮ ಕೈಯನ್ನೂ ನೋಡಿಕೊಂಡರು. ಅವರ ಕೈಯಲ್ಲಿದ್ದದ್ದು ಒಂದೇ ಒಂದು ಗಾಜಿನ ಚಂಬು. ಅದರೊಳಗಿನ ಮಳೆಯನ್ನು ಇಷ್ಟು ಮಂದಿ ಎಲ್ಲಿಂದ ನೋಡಬೇಕು? ಬಂಗಾರವಲ್ಲ ಎಂದು ತಿಳಿದರೆ ಇವರೆಲ್ಲ ಏನನ್ನಬಹುದು? ಆದರೆ ಅಂಜಿಕೆಯ ಹಿಂದೆಯೇ ಒಂದು ನಗೆಯೂ ಎದ್ದಿತು. ಹದಿನೆಂಟು ವರ್ಷ ಬೆರಳು ಆಡಿಸಿದ್ದನ್ನು ನೋಡಲು ವರ್ಷಕ್ಕೆ ನಲವತ್ತು ಹುಡುಗಿಯರಿದ್ದರು. ಇವತ್ತು ಒಂದು ತಾಲೂಕೇ ಬಂದಿದೆ!

ಮೇಜಿನ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಹೇಳಿದರು. "ಕೇಳ್ರಿ ಎಲ್ಲಾರೂ. ಇದು ಬಂಗಾರ ಅಲ್ಲ. ಬಂಗಾರದಂಗ ಹೊಳೀತದ ಅಷ್ಟ. ಖರೇ ಹೇಳಬೇಕಂದ್ರ ವಿಷ ಅದು. ಯಾರೂ ಮುಟ್ಟಬಾರದು, ಬಾಯಿಗೆ ಹಾಕಬಾರದು. ನೋಡಾಕ ಬರ್ರಿ, ಒಯ್ಯಾಕಲ್ಲ. ಒಯ್ಯಾಕ ಬಂದವ್ರು ಈಗ ಹೋಗಬಹುದು."

ಗುಜುಗುಜು ಎದ್ದಿತು. ಚಂದ್ರಾಮಪ್ಪ ಅಕ್ಕಸಾಲಿ ನಿಟ್ಟುಸಿರು ಬಿಟ್ಟ, ಅದು ದುಃಖದ್ದೋ ಸಮಾಧಾನದ್ದೋ ಅವನಿಗೇ ಗೊತ್ತು. ದೌಲತರಾಯರು ಕೊಪ್ಪರಿಗೆಯನ್ನು ಬೋರಲು ಹಾಕಿ ಅದರ ಮೇಲೇ ಕೂತರು.

"ಇಷ್ಟು ದೂರ ಬಂದೇವಿ. ಸುಳ್ಳ ಬಂಗಾರಾದರೂ ತೋರಸ್ರಿ" ಎಂದರು. ಯಾರೂ ಕದಲಲಿಲ್ಲ.

ಉಪಾಯ ಹೊಳೆದದ್ದು ಆಗಲೇ. "ಹುಸೇನಬೀ, ಬಾಜೂ ದವಾಖಾನಿಗೆ ಓಡು. ಸಲೈನ್ ಹಾಕಿ ಖಾಲಿ ಆದ ಗಾಜಿನ ಬಾಟಲಿ ಎಷ್ಟವ ಅಷ್ಟೂ ತಗೊಂಬಾ!"

ಹನ್ನೆರಡು ಬಾಟಲಿ ಬಂದವು. ಸ್ವಚ್ಛ, ತಿಳಿ ಗಾಜು. ಇಮಾಮಸಾಬರು ತಮ್ಮ ನೀರಿನಿಂದಲೇ ಅವನ್ನು ತೊಳೆದು ತುಂಬಿದರು. ವತ್ಸಲಾಬಾಯಿ ಎತ್ತಿನ ಔಷಧಿಯನ್ನು ಚಿಟಿಕೆ ಚಿಟಿಕೆಯಾಗಿ ಹಾಕಿ ಕರಗಿಸಿದರು. ಆಮೇಲೆ ಸೀಸದ ನೀರನ್ನು ಮೊದಲ ಬಾಟಲಿಗೆ ಬಿಟ್ಟದ್ದೇ ತಡ, ತಿಳಿ ನೀರೊಳಗೆ ಹಳದಿ ಹೊಗೆ ಸುತ್ತಿಕೊಂಡು ಇಳಿಯಿತು. ಮಂದಿ "ಹೋ!" ಎಂದಿತು. ಎರಡನೆಯದು, ಮೂರನೆಯದು. ಹನ್ನೆರಡನೆಯ "ಹೋ" ಎಷ್ಟು ದೊಡ್ಡದಾಯಿತೆಂದರೆ ಬೇವಿನಮರದ ಕಾಗೆಗಳೆಲ್ಲ ಎದ್ದು ಹೋದವು.

ಶಾಲೆಯ ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ, ನೀರು ತುಂಬಿದ ಹಂಡೆಯೊಳಗೆ ಬಾಟಲಿಗಳನ್ನು ಕತ್ತಿನತನಕ ನಿಲ್ಲಿಸಿದರು. ತೊಗರಿಕಟ್ಟಿಗೆಯ ಉರಿ ಚಟಪಟ ಅಂದಿತು. ಹಂಡೆ ಬಿಸಿಯಾಯಿತು. ಹಳದಿ ಹಾಗೇ ಇತ್ತು. ಇನ್ನೂ ಹಾಗೇ ಇತ್ತು.

"ಬಾಯಾರ, ಇದು ಬ್ಯಾಳಿ ಸಾರಿನಂಗ ಕಾಣತದಲ್ರಿ" ಎಂದಿತು ಯಾವುದೋ ದನಿ. ನಗೆ ಸಿಡಿಯಿತು. ವತ್ಸಲಾಬಾಯಿ ಹಂಡೆಯೊಳಗೆ ಬಗ್ಗಿ ನೋಡಿದರು. ನೀರು ಸಾಲದೇ? ಪುಡಿ ಹೆಚ್ಚಾಯಿತೇ? ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು, ಕುದಿಸಿದರೆ ಕರಗುತ್ತದೆ ಎಂದು.

"ಉರಿ ಸಾಲದು! ಇನ್ನೂ ಹಾಕು ಹುಸೇನಬೀ!"

ಹುಸೇನಬೀ ಒಂದು ಹೊರೆಯನ್ನೇ ತಳ್ಳಿದಳು. ಹಂಡೆ ಕೊತಕೊತ ಕುದಿಯಿತು. ಮೂಲೆಯ ಒಂದು ಬಾಟಲಿಯ ಹಳದಿ ತೆಳುವಾಯಿತು, ಇನ್ನೂ ತೆಳುವಾಯಿತು, ಆಮೇಲೆ ಯಾರೋ ಒಳಗಿನಿಂದ ಒರೆಸಿದಂತೆ ಬಾಟಲಿ ತಿಳಿಯಾಯಿತು. ಅದರ ಹಿಂದೆ ಒಂದೊಂದಾಗಿ ಎಲ್ಲವೂ.

ದೌಲತರಾಯರು ಕೊಪ್ಪರಿಗೆಯಿಂದ ಎದ್ದರು. "ಏ, ಎಲ್ಲಿ ಹೋತು? ಯಾರು ಹೊಡಕೊಂಡ್ರು?" ಎಂದು ಸುತ್ತಲಿನವರ ಮುಖ ಮುಖ ನೋಡಿದರು. ಅಕ್ಕಸಾಲಿ ಚಂದ್ರಾಮಪ್ಪ ತನ್ನ ಎರಡೂ ಕೈ ಬಿಚ್ಚಿ ತೋರಿಸಿದ.

ಒದ್ದೆ ಗೋಣಿಚೀಲದಲ್ಲಿ ಹಿಡಿದು ಬಾಟಲಿಗಳನ್ನು ತೆಗೆದು, ಮೂಡಣದ ಬಿಸಿಲು ಬೀಳುವ ಕಂಪೌಂಡಿನ ಕಟ್ಟೆಯ ಮೇಲೆ ಸಾಲಾಗಿ ನಿಲ್ಲಿಸಿದರು. ಜನವರಿಯ ತಣ್ಣನೆಯ ಗಾಳಿ. ಹನ್ನೆರಡು ಬಾಟಲಿ ಬರೀ ನೀರು. ಅಷ್ಟೂ ಮಂದಿ ಉಸಿರು ಹಿಡಿದು ನೋಡಿತು. ಏನೂ ಇಲ್ಲ. ಒಂದು ಕೂಸು ಅತ್ತಿತು, ತಾಯಿ ಅದರ ಬಾಯಿ ಮುಚ್ಚಿದಳು.

ವತ್ಸಲಾಬಾಯಿ ಮೊದಲ ಬಾಟಲಿಗೆ ಮೂಗು ತಾಗುವಷ್ಟು ಹತ್ತಿರ ಬಗ್ಗಿದ್ದರು. ನಟ್ಟನಡುವೆ ಒಂದು ಕಿಡಿ ಮಿಂಚಿತು. ಧೂಳಿರಬೇಕು ಎಂದುಕೊಂಡರು. ಎರಡು ಮಿಂಚಿದವು. ನಾಲ್ಕಾದವು, ಲೆಕ್ಕ ತಪ್ಪಿತು. ಎಲ್ಲಿಂದಲೋ ಹುಟ್ಟಿ, ಹೊರಳಿ, ಬೆಳಕಿಗೆ ಮೈ ತಿರುಗಿಸಿ, ಸಾವಿರ ಸಾವಿರ ಬಂಗಾರದ ತಗಡಿನ ಚೂರುಗಳು ಒಂದರ ಮೇಲೊಂದು ತೇಲುತ್ತ ಇಳಿಯತೊಡಗಿದವು. ಜೋರೂ ಅಲ್ಲ, ಜಿಟಿಜಿಟಿಯೂ ಅಲ್ಲ. ಅವಸರವೇ ಇಲ್ಲದ ಮಳೆ. ಬಿಸಿಲು ಹನ್ನೆರಡು ಬಾಟಲಿಗಳನ್ನು ತೂರಿ ಬಂದು ಮಂದಿಯ ಮುಖ, ರುಮಾಲು, ಸೀರೆಯ ಅಂಚುಗಳ ಮೇಲೆಲ್ಲ ಚಿನ್ನದ ಚುಕ್ಕೆ ಎರಚಿತು.

ಯಾರೂ "ಹೋ" ಎನ್ನಲಿಲ್ಲ. ಆಮೇಲೆ ಎಲ್ಲರೂ ಒಮ್ಮೆಲೇ ಎಂದರು.

ವತ್ಸಲಾಬಾಯಿ ನಗುತ್ತಿದ್ದರು. ಕಣ್ಣಲ್ಲಿ ನೀರು, ಹೊಟ್ಟೆ ಹಿಡಿದುಕೊಂಡು ನಗು. ಹುಸೇನಬೀ ಅವರ ಎರಡೂ ಕೈ ಹಿಡಿದು ಒಂದು ಸುತ್ತು ಗಿರ್ರನೆ ತಿರುಗಿಸಿಬಿಟ್ಟಳು. ಇಮಾಮಸಾಬರು ಟೋಪಿ ತೆಗೆದು, ಮತ್ತೆ ಹಾಕಿ, ಮತ್ತೆ ತೆಗೆದರು. "ಮೂವತ್ತು ವರ್ಷ ಈ ಸೀಸ ನನಗ ಇದನ್ನ ಹೇಳೇ ಇರಲಿಲ್ಲ ನೋಡ್ರಿ!"

ದೌಲತರಾಯರು ಒಂದು ಬಾಟಲಿಯ ಮುಂದೆ ಮೊಣಕಾಲೂರಿ ಕೂತಿದ್ದರು. ಕೊನೆಯ ಚೂರು ತಳ ಸೇರಿದ ಮೇಲೆ ಎದ್ದು, ಗಡಸು ದನಿಯನ್ನು ಎಲ್ಲೋ ಮರೆತವರಂತೆ ಕೇಳಿದರು.

"ಮುಗೀತೇನ್ರಿ ಬಾಯಾರ?"

"ಮುಗಿಯೂದಿಲ್ರಿ. ಮತ್ತ ಕಾಸಿದ್ರ ಮತ್ತ ಕರಗತದ, ಮತ್ತ ಬೀಳತದ. ಎಷ್ಟು ಸಲಾನಾದ್ರೂ."

"ಎಷ್ಟು ಸಲಾನಾದ್ರೂ?" ದೌಲತರಾಯರು ಹಿಂದೆ ತಿರುಗಿ ಆಳಿಗೆ ಕೂಗಿದರು. "ಲೇ, ಜೀಪ ಒಯ್ಯಿ. ಹೊಲದಾಗಿನ ಕಟಗಿ ಎಲ್ಲಾ ಹೇರಕೊಂಡು ಬಾ!"

ಮಧ್ಯಾಹ್ನದೊಳಗೆ ಅಫಜಲಪುರದಲ್ಲಿ ಆರು ಸಲ ಬಂಗಾರದ ಮಳೆಯಾಯಿತು. ನರಸಿಂಹರಾಯ ಬಸ್‌ಸ್ಟ್ಯಾಂಡಿಗೆ ಹೋಗಿ ಮೈಕಿನಲ್ಲಿ, ಜೇವರ್ಗಿ, ಆಳಂದ, ಘತ್ತರಗಿ ಎನ್ನುವ ಊರುಗಳ ನಡುವೆಯೇ "ಮುಂದಿನ ಮಳಿ ಹನ್ನೊಂದೂವರಿಗೆ" ಎಂದು ಕೂಗಿದರು. ಎರಡು ಬಸ್ಸು ತಡವಾಗಿ ಬಿಟ್ಟವು. ಯಾರೂ ದೂರು ಕೊಡಲಿಲ್ಲ, ಏಕೆಂದರೆ ಡ್ರೈವರುಗಳೂ ಪ್ರಯಾಣಿಕರೂ ಕಂಪೌಂಡಿನ ಹತ್ತಿರವೇ ನಿಂತಿದ್ದರು. ಕೊನೆಗೆ ವತ್ಸಲಾಬಾಯಿ ಬಾಟಲಿಗಳಿಗೆ ರಬ್ಬರ್ ಬಿರಡೆ ಜಡಿದು, ಪೋಸ್ಟಾಫೀಸಿನ ಅರಗು ಸುರಿದು ಮುದ್ರೆ ಒತ್ತಿದರು. ಚೆಲ್ಲಿದ ನೀರನ್ನು, ಬಟ್ಟಲು ತೊಳೆದ ನೀರನ್ನು ಬಾವಿಯಿಂದ ದೂರ ಆಳದ ಗುಂಡಿ ತೋಡಿಸಿ ಹುಗಿಸಿದರು. ಎಲ್ಲರ ಕೈ ತೊಳೆಸಿದರು. ದೌಲತರಾಯರದು ಎರಡು ಸಲ.

ಸುದ್ದಿ ಜೇವರ್ಗಿಗೆ ಇಮಾಮಸಾಬರೊಂದಿಗೇ ಹೋಯಿತು. ಮುಂದಿನ ವಾರವೇ ಅಲ್ಲಿನ ಶಾಲೆಯಿಂದ ಕಾಗದ ಬಂತು: ಬಾಯಿಯವರು ಮಳೆ ಸಮೇತ ಬರಬೇಕು.

ವತ್ಸಲಾಬಾಯಿ ಬೆಳಗಿನ ಬಸ್ಸು ಹತ್ತಿದರು. ಕೆಳಗಿಟ್ಟರೆ ಒಡೆಯುತ್ತವೆಂದು ಕಂಡಕ್ಟರು ಹನ್ನೆರಡು ಬಾಟಲಿಗಳನ್ನೂ ಹನ್ನೆರಡು ಪ್ರಯಾಣಿಕರ ತೊಡೆಯ ಮೇಲೆ ಹಂಚಿದ. ಮುತ್ತೈದೆಯೊಬ್ಬಳು ಕೂಸಿನಂತೆ ಸೆರಗು ಹೊದೆಸಿದಳು. ಬಸ್ಸು ಊರು ದಾಟಿ, ಜೋಳದ ಹೊಲಗಳ ನಡುವಿನ ಹಾದಿಗೆ ಬಿದ್ದು, ಮೊದಲ ತಗ್ಗಿಗೆ ಧಡಕ್ಕೆಂದಿತು. ತಳದಲ್ಲಿ ಮಲಗಿದ್ದ ಬಂಗಾರವೆಲ್ಲ ಒಮ್ಮೆಲೇ ಎದ್ದು ಹನ್ನೆರಡು ಬಾಟಲಿಗಳಲ್ಲೂ ಸುಳಿಸುತ್ತಿತು. ಕಿಟಕಿಯ ಬಿಸಿಲು ತಾಗಿ ಬಸ್ಸಿನ ಚಾವಣಿ, ಕಂಬಿ, ಕಂಡಕ್ಟರನ ಮೀಸೆ ಎಲ್ಲ ಝಗ್ಗೆಂದವು. ಬಸ್ಸೆಲ್ಲ ಕೂಗಿತು.

ಡ್ರೈವರ್ ಕನ್ನಡಿಯಲ್ಲಿ ಒಮ್ಮೆ ನೋಡಿದ. ಮುಂದಿನ ತಗ್ಗು ಹಾದಿಯ ಬಲಕ್ಕಿತ್ತು, ಆರಾಮಾಗಿ ತಪ್ಪಿಸಿಕೊಂಡು ಹೋಗಬಹುದಿತ್ತು.

"ಗಟ್ಟಿ ಹಿಡಕೋರ್ರೀ!" ಎಂದು ಕೂಗಿ, ಅವನು ಬಸ್ಸನ್ನು ಸೀದಾ ಅದರೊಳಗೇ ಇಳಿಸಿದ.